ಸೊಂಟದೆತ್ತರದ ಬಣ್ಣ

ಅವರಿಬ್ಬರೂ ಗೇಟು ದಾಟುವಾಗಲೇ ಮಹಡಿಯಿಂದ ಬೇರೆ ದನಿಗಳು ಕೇಳಿಸಿದವು. ಇನ್ನೊಂದು ಜೋಡಿ ಮೊದಲೇ ಬಂದಿತ್ತು.

“ಇವತ್ತೂ ಇದ್ದಾರೆ,” ಎಂದ ಅವನು.

ಅವಳು ಬೆರಳಿಗೆ ಸಡಿಲವಾಗಿದ್ದ ಉಂಗುರವನ್ನು ಹಿಂದಕ್ಕೆ ತಳ್ಳಿಕೊಂಡಳು. ಇದು ಹದಿನಾಲ್ಕನೆಯ ಮನೆ. ಹಿಂದಿನ ಹದಿಮೂರೂ ಕಣ್ಣೆದುರೇ ಬೇರೆಯವರ ಪಾಲಾಗಿದ್ದವು. ಹದಿಮೂರು ಸಲ ಅವಳು ಖಾಲಿ ಅಡುಗೆಮನೆಯಲ್ಲಿ ನಿಂತು ಒಲೆ ಎಲ್ಲಿರಬೇಕೆಂದು ಹೇಳಿದ್ದಳು. ಹದಿಮೂರು ಸಲ ಅವನು ಟೇಪು ಹಿಡಿದು ಹಾಲ್ ಅಳೆದಿದ್ದ. ಒಂದು ಅಂಕಿಯನ್ನೂ ಬರೆದುಕೊಂಡಿರಲಿಲ್ಲ. ಈಗ ಅವಳ ಹಿಮ್ಮಡಿ, ಸೊಂಟ, ನಗು ಮೂರೂ ನೋಯುತ್ತಿದ್ದವು.

ಆದರೆ ಈ ಮನೆ ಬೇರೆ. ನದಿಯ ದಂಡೆಯ ಹಳೆಯ ಬೀದಿ. ಎರಡೂ ಬದಿಯ ಮರಗಳು ಮೇಲೆ ಒಂದಕ್ಕೊಂದು ತಾಗಿ, ಹಗಲಿಗೆ ಹಸಿರು ಬಣ್ಣ ಹಚ್ಚಿದ್ದವು. ಬಾಗಿಲ ಪಕ್ಕದ ಕಲ್ಲಿನಲ್ಲಿ ಮನೆ ಕಟ್ಟಿದ ವರ್ಷ ಕೆತ್ತಲಾಗಿತ್ತು, ಮನೆಗೆ ನೂರು ದಾಟಿತ್ತು. ಮೇಲೆ ಕಾಣುತ್ತಿದ್ದ ಕಿಟಕಿಯ ಕೆಳಗೇ ನೀರು. ಅಲ್ಲೊಂದು ಕುರ್ಚಿ ಹಾಕಿಕೊಂಡು ಕೂತರೆ ಮತ್ತೆ ಏಳುವುದೇ ಬೇಡ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

“ಮಗುಗೆ ಈ ಕೆಳಗಿನ ರೂಮೇ ಇರ್ಲಿ,” ಎನ್ನುತ್ತ, ಇವರು ಒಳಗೆ ಕಾಲಿಡುವಷ್ಟರಲ್ಲಿ, ತುಂಬು ಬಸುರಿ ಹುಡುಗಿಯೊಬ್ಬಳು ಮೆಟ್ಟಿಲಿಳಿದಳು. ಹಿಂದೆ ಅವಳ ಗಂಡ, ಅವನ ಹಿಂದೆ ದಲ್ಲಾಳಿ. ಹುಡುಗಿ ಇವರನ್ನು ಕಂಡು ಕೊಂಚ ಬಿಗಿಯಾದಳು. “ನೀವೂ ಇದೇ ಮನೆಗಾ ಅಕ್ಕಾ? ಎಷ್ಟು ಮಕ್ಕಳು?”

“ಒಂದು,” ಎಂದಳು ಅವಳು.

“ಎರಡು,” ಎಂದ ಅವನು, ಅದೇ ಕ್ಷಣದಲ್ಲಿ.

“ಇವರು ತಮ್ಮನ್ನೂ ಒಂದು ಮಗು ಅಂತ ಸೇರಿಸ್ಕೋತಾರೆ,” ಎಂದಳು ಅವಳು. “ಊಟಕ್ಕೆ ಕರೆಯೋವಾಗ ನಂಗೂ ಎರಡೇ ಅನ್ಸತ್ತೆ.”

ಹುಡುಗಿ ನಕ್ಕಳು. ಅವಳ ಗಂಡನೂ ನಕ್ಕ. ದಲ್ಲಾಳಿ ಮಾತ್ರ ನಗಲಿಲ್ಲ.

“ಇವರು ಎರಡನೇ ಸಲ ನೋಡ್ತಿರೋದು,” ಎಂದು ದಲ್ಲಾಳಿ ಎಳೆಯ ಜೋಡಿಗೆ ಹೇಳಿದ. “ಯಾರು ಮೊದಲು ಮುಂಗಡ ಕೊಡ್ತಾರೋ ಅವರಿಗೆ. ಆಮೇಲೆ ನನ್ನ ಬೈಬೇಡಿ.” ಫೋನು ಬಂತೆಂದು ಅಂಗಳಕ್ಕೆ ಹೋದ.

ಅವಳು ಕೆಳಗಿನ ಕೋಣೆಯ ಗೋಡೆಯನ್ನೇ ನೋಡುತ್ತಿದ್ದಳು. ಸೊಂಟದೆತ್ತರದವರೆಗೆ ಬಣ್ಣ ಹೊಸದು. ಅದರ ಮೇಲೆ ಹಳೆಯದು. ಸ್ವಿಚ್ಚುಗಳೆಲ್ಲ ಎದೆಯೆತ್ತರದಲ್ಲಿದ್ದವು. ಕಿಟಕಿಯಾಚೆ, ಮರಗಳ ಬೊಡ್ಡೆಯ ಮೇಲೆ ಒಣಗಿದ ಕೆಸರಿನ ಗೆರೆ, ಅದೇ ಮಟ್ಟಕ್ಕೆ. ಅಂಗಳದಲ್ಲಿ ಫೋನಿನಲ್ಲಿದ್ದ ದಲ್ಲಾಳಿಯ ಕಡೆಗೊಮ್ಮೆ ನೋಡಿದಳು. ಆಮೇಲೆ ಹುಡುಗಿಯ ಮೊಣಕೈ ಹಿಡಿದು ಗೋಡೆಯ ಬಳಿಗೆ ಕರೆದೊಯ್ದಳು.

“ಇಲ್ಲಿ ನೋಡಮ್ಮ. ಇಷ್ಟರವರೆಗೆ ಹೊಸ ಬಣ್ಣ. ಹೊರಗೆ ಮರದ ಮೇಲೂ ಇಷ್ಟೇ ಎತ್ತರಕ್ಕೆ ಕೆಸರು. ನದಿ ಒಳಗೇ ಬರತ್ತೆ. ಹಸುಗೂಸು ಕಟ್ಕೊಂಡು ಇಲ್ಲಿ ಬೇಡ. ಬಿಟ್ಬಿಡಿ ಈ ಮನೆ.”

ಹುಡುಗಿ ಗೋಡೆಯನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡಿದಳು.

“ಅಷ್ಟು ಕೆಟ್ಟ ಮನೆ ಆದ್ರೆ ನೀವ್ಯಾಕೆ ಎರಡನೇ ಸಲ ಬಂದ್ರಿ ಅಕ್ಕಾ?”

ಅವಳು ಉಂಗುರವನ್ನು ಮತ್ತೆ ಹಿಂದಕ್ಕೆ ತಳ್ಳಿಕೊಂಡಳು.

“ರೀ,” ಎಂದು ಹುಡುಗಿ ಗಂಡನ ತೋಳು ಜಗ್ಗಿದಳು. “ಚೆಕ್ ಬರೀರಿ. ಈಗಲೇ.”

ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ಅವಳು ಚಪ್ಪಲಿ ಬಿಚ್ಚಿ ಪಾದ ಚಾಚಿ ಕುಳಿತಳು. ಅವನು ಎರಡು ಟೀ ತಂದ. ಅವಳದಕ್ಕೆ ಸಕ್ಕರೆ ಹಾಕಿಸಿದ್ದ. ಅವಳು ಸಕ್ಕರೆ ಬಿಟ್ಟು ವರ್ಷಗಳಾಗಿದ್ದವು. ಹಾಗೇ ಕುಡಿದಳು.

“ಹೇಳಿ ನೋಡಿದ್ರಲ್ಲ, ಬಿಡಿ,” ಎಂದ ಅವನು.

“ಇನ್ನೂ ಮೊದಲೇ ಹೇಳಬೇಕಿತ್ತು.”

ದಲ್ಲಾಳಿಯ ಸ್ಕೂಟರು ಬಂದು ಅವರೆದುರು ನಿಂತಿತು. ಅವನು ಇಳಿಯಲಿಲ್ಲ. ಮುಖ ಅರಳಿತ್ತು.

“ಆ ಗೋಡೆ ಮಾತು ನಂಗೇ ಹೊಳೆದಿರ್ಲಿಲ್ಲ ಮೇಡಂ. ನೀವು ಅವರನ್ನ ಓಡಿಸೋಕೆ ನೋಡ್ತಿದ್ದೀರಿ ಅನ್ಕೊಂಡು ಅಲ್ಲೇ ಚೆಕ್ ಬರೆದುಕೊಟ್ರು. ಮುಂದಿನ ಭಾನುವಾರದ ಮನೇಲೂ ಅದನ್ನೇ ಹೇಳಿ.” ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಇಬ್ಬರ ಮುಂದೆ ಹಿಡಿದ.

“ಉಂಗುರ ಬಿಚ್ಚಿ ಇದಕ್ಕೆ ಹಾಕಿ, ಭಾನುವಾರ ಮತ್ತೆ ಕೊಡ್ತೀನಿ. ಮತ್ತೆ ಮಕ್ಕಳೆಷ್ಟು ಅಂತ ಮುಂದಿನ ಸಲ ಇಬ್ಬರೂ ಮೊದಲೇ ಮಾತಾಡ್ಕೊಂಡು ಬನ್ನಿ.”