ರೀಲು ತೊಳೆದ ನೀರು

ಮೀನು ಹಿಡಿಯುವ ಗಾಳದ ರೀಲನ್ನು ಬಕೆಟ್ಟಿನ ಸಿಹಿನೀರಿನಲ್ಲಿ ಮುಳುಗಿಸಿ, ಹಳೇ ಬ್ರಷ್ಷಿನಿಂದ ಕಡಲ ಉಪ್ಪನ್ನು ಉಜ್ಜುತ್ತಿದ್ದ ಮಹೇಂದ್ರನ ಬೆನ್ನ ಹಿಂದೆಯೇ ಮನೆ ಮಾಲೀಕ ಶಾಮಣ್ಣನವರು ಬಂದು ನಿಂತುಬಿಟ್ಟರು. ಅವನು ರೀಲನ್ನು ಬಕೆಟ್ಟಿನ ತಳಕ್ಕೆ ಅದುಮಿ ಹಿಡಿದ. ಅಗ್ರಹಾರದ ಈ ವಠಾರದಲ್ಲಿ ಮೀನು ತಿನ್ನುವವರಿಗೆ ಬಾಡಿಗೆ ಮನೆಯಿಲ್ಲ. "ಮೊಟ್ಟೆನೂ ಮುಟ್ಟಲ್ಲ ಸಾರ್" ಎಂದು ಸುಳ್ಳು ಹೇಳಿಯೇ ಅವನು ಒಳಗೆ ಕಾಲಿಟ್ಟಿದ್ದ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಕಿಟಕಿ ಕಿಟಕಿಗೂ ಮೂಗಿಟ್ಟು ಪತ್ತೆಹಚ್ಚುವುದೇ ಶಾಮಣ್ಣನವರ ನಿವೃತ್ತ ಜೀವನದ ಕಸುಬು.

"ಏನ್ರೀ ಅದು, ಬಕೆಟ್ಟಲ್ಲಿ?"

"ಬೈಕಿನ ಸಾಮಾನು ಸಾರ್. ಗೋಕರ್ಣಕ್ಕೆ ಹೋಗಿದ್ನಲ್ಲ, ಸಮುದ್ರದ ಉಪ್ಪು ಮೆತ್ಕೊಂಡದೆ. ತೊಳೀದಿದ್ರೆ ತುಕ್ಕು ಹಿಡೀತದೆ."

"ಗೋಕರ್ಣದ ಸಮುದ್ರಾನೇ! ಮೊದಲೇ ಹೇಳ್ಬಾರ್ದೇನ್ರೀ?" ಮಹೇಂದ್ರ "ಬೇಡಿ ಸಾರ್" ಎನ್ನುವಷ್ಟರಲ್ಲಿ ಅವರು ಬೊಗಸೆ ತುಂಬ ಆ ನೀರನ್ನೆತ್ತಿ, ಕಣ್ಣುಮುಚ್ಚಿ, ಮಂತ್ರ ಗೊಣಗುತ್ತ ನೆತ್ತಿಗೆ ಸುರಿದುಕೊಂಡೇಬಿಟ್ಟರು.

ಅಷ್ಟರಲ್ಲಿ ಅವರ ಹೆಂಡತಿ ಶಾರದಮ್ಮ ಸೆರಗನ್ನು ಮೂಗಿಗೊತ್ತಿಕೊಂಡು ಹೊರಗೆ ಓಡಿಬಂದರು. "ಏನ್ರೀ ಇದು ಮೀನಿನ ವಾಸನೆ! ಯಾರ ಮನೇದು? ಇವತ್ತೇ ಖಾಲಿ ಮಾಡಿಸಿ!"

ಶಾಮಣ್ಣನವರು ಅಂಗೈ ಮೂಸಿದರು. ಅಲ್ಲಿ ಬೆಳ್ಳಿಯ ಬಣ್ಣದ ಮೀನಿನ ಹುರುಪೆಯೊಂದು ಮಿನುಗುತ್ತಿತ್ತು. ಮಹೇಂದ್ರನನ್ನು ನೋಡಿದರು, ಬಕೆಟ್ಟನ್ನು ನೋಡಿದರು, ಮೆಲ್ಲಗೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ನೆತ್ತಿಯಿಂದ ನೀರು ಇನ್ನೂ ತುಟಿಗೆ ಇಳಿಯುತ್ತಿತ್ತು.

"ಎಲ್ಲಿದೆಯೇ ವಾಸನೆ? ನಿನ್ನ ಮೂಗು ಕೆಟ್ಟಿದೆ, ಒಳಗೆ ನಡಿ" ಎಂದು ಗದರಿದರು. "ನಮ್ಮ ವಠಾರದಲ್ಲಿ ಇವರಷ್ಟು ಮಡಿವಂತರು ಇನ್ಯಾರೂ ಇಲ್ಲ!"