ಜೇಕಿನ ಜಾಗ

ಗುಡುಗು ಮೊದಲು ಬಂತು, ಅದರ ಬೆನ್ನಿಗೇ ಮಂಜು. ಅಂಗಳದ ಹೊಸ ಪಾತಿಗೆ ನೀರು ತಿರುಗಿಸುತ್ತಿದ್ದ ಸಿಪ್ರಿಯಾನೊ ತಲೆ ಎತ್ತುವಷ್ಟರಲ್ಲಿ ಎದುರಿನ ಬೆಟ್ಟದ ನೆತ್ತಿ ಮಾಯವಾಗಿತ್ತು. ನೆತ್ತಿಯ ದಾರಿಗೆ ಸಿಡಿಲು ಬಡಿಯುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬ ಮುದುಕ, ತಾನು ಕಾಯುತ್ತಿದ್ದ ಉಣ್ಣೆಯ ಅಲ್ಪಾಕಗಳ ಸಮೇತ, ಅಲ್ಲೇ ಕರಕಲಾಗಿದ್ದ. ಗುಡುಗು ಕೇಳಿದ ಮೇಲೆ, ಕೆಸರಿನ ಆಚೆ ದಂಡೆಗೆ ಹೋಗಿದ್ದ ಹೆಂಡತಿ ಉಬಾಲ್ದಿನ ಆ ದಾರಿ ಹಿಡಿಯುವವಳಲ್ಲ. ಕೆಸರು ದಾಟಿಕೊಂಡೇ ಬರುತ್ತಾಳೆ.

“ಅವ್ವಾ, ಹಗ್ಗ ಎಲ್ಲಿ?”

“ಯಾಕೋ, ಗುಡುಗನ್ನ ಕಟ್ಟಿಹಾಕ್ತೀಯಾ?” ಒಲೆಯ ಮುಂದೆ ಕೂತಿದ್ದ ಮುದುಕಿ ನಿಕೊಲಾಸ ಅಲ್ಲಿಂದಲೇ ಕೇಳಿದಳು.

“ಕೆಸರಿಗೆ ಇಳಿದಿರ್ತಾಳೆ ಉಬಾಲ್ದಿನ. ಬೆನ್ನ ಮೇಲೆ ಕೂಸಿದೆ.”

“ಅದೇನು ಅವಳಿಗೆ ಹೊಸದಾ? ಜೇಕಿನ ಗುಪ್ಪೆ ಮೇಲೆ ಕಾಲಿಟ್ಕೊಂಡು ಬರ್ತಾಳೆ.”

“ಈ ಕಡೆ ಗುಪ್ಪೆ ಇಲ್ಲವ್ವಾ. ಬೆಳಿಗ್ಗೆ ನಾನೇ ಕಿತ್ತುಬಿಟ್ಟೆ.”

ಮುದುಕಿ ಎದ್ದು ಬಂದು ಪಾತಿ ನೋಡಿದಳು, ಮಗನ ಮುಖ ನೋಡಿದಳು. ಹಗ್ಗ ತಂದು ಅವನ ಕೈಗಿಟ್ಟು ತಾನೂ ಹಿಂದೆ ಹೊರಟಳು.

ಕೆಟ್ಟದ್ದು ಮಾಡಬೇಕೆಂದು ಮಾಡಿದ್ದಲ್ಲ ಮಾರಾಯರೇ. ಆ ಕೆಸರಿಗೆ ತಳವಿಲ್ಲ. ಜೇಕು ಬೇರು ಹೆಣೆದುಕೊಂಡು ಗುಪ್ಪೆಯಾದ ಕಡೆ ಮಾತ್ರ ಕಾಲಿಡಬಹುದು. ಊರಿಗೆ ಊರೇ ಹಾಗೆ ಗುಪ್ಪೆಯಿಂದ ಗುಪ್ಪೆಗೆ ದಾಟುತ್ತಿತ್ತು. ಹೋದ ತಿಂಗಳು ಗಿಡಮರಗಳ ಓದು ಓದಿದ ಒಬ್ಬ ಹುಡುಗಿ ಬಂದು ಮಂಡಿಯೂರಿ ಕೂತು, “ಈ ಜೇಕು ಅಳಿವಿನಂಚಿಗೆ ಬಂದಿದೆ. ಹಿಮದ ನೀರು ನಿಲ್ಲೋ ಇಂಥ ಎತ್ತರದಲ್ಲಿ ಬಿಟ್ಟರೆ ಎಲ್ಲೂ ಬದುಕಲ್ಲ. ಇರೋದನ್ನೂ ನೀವು ತುಳಿದು ತುಳಿದು ಸಾಯಿಸ್ತಿದ್ದೀರಿ,” ಎಂದು ಅಳುವ ಹಾಗೆ ಹೇಳಿ ಹೋಗಿದ್ದಳು. ಸಿಪ್ರಿಯಾನೊಗೆ ಅದು ಕರುಳಿಗೆ ತಾಗಿತ್ತು. ಮೇವು ಕಡಿಮೆಯಾದಾಗ ಹುಲ್ಲನ್ನು ಬೇರು, ಮಣ್ಣು ಸಮೇತ ಕತ್ತರಿಸಿ ತಂದು, ಬೇರೆ ಕಡೆ ನೆಟ್ಟು, ನೀರು ತಿರುಗಿಸಿ ಹೊಸ ಹುಲ್ಲುಗಾವಲು ಮಾಡುವುದು ಅವನ ಅಜ್ಜನ ಕಾಲದಿಂದ ನಡೆದುಬಂದ ಕೆಲಸ. ಬೆಳಿಗ್ಗೆ ಎಲ್ಲರೂ ಆಚೆ ದಾಟಿದ ಮೇಲೆ, ತುಳಿತಕ್ಕೆ ಸಿಕ್ಕಿ ನಲುಗಿದ ಗುಪ್ಪೆಗಳನ್ನೇ ಆರಿಸಿ ಅಂಗಳಕ್ಕೆ ತಂದು ನೆಟ್ಟಿದ್ದ. ಇವತ್ತು ಆಚೆ ದಂಡೆಯಲ್ಲಿ ಊರವರೆಲ್ಲ ಸೇರಿ ಉಣ್ಣೆ ಕತ್ತರಿಸುವ ದಿನ; ಉಣ್ಣೆಯ ಹೊರೆ ಇರುವುದರಿಂದ ಆ ಸಂಜೆ ಎಲ್ಲರೂ ನೆತ್ತಿಯ ದಾರಿಯಲ್ಲೇ ಬರುವುದು ರೂಢಿ. ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದರಾಯಿತು ಅಂದುಕೊಂಡಿದ್ದ.

ದಂಡೆಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಗಾಳಿ ಆಚೆಯಿಂದ ಮುಖಕ್ಕೆ ಬೀಸುತ್ತಿತ್ತು. ಗಂಟಲು ಹರಿಯುವಂತೆ ಕೂಗಿದ. ಮತ್ತೆ ಕೂಗಿದ. ಕೂಸು ಕುಂಯ್ ಅಂದದ್ದು ತೀರ ಹತ್ತಿರದಲ್ಲೇ ಕೇಳಿಸಿತು.

“ನಿಲ್ಲು! ಮುಂದೆ ಕಾಲಿಡಬೇಡ!”

“ಏನಾಯ್ತು? ಯಾಕೆ ಹಾಗೆ ಅರಚ್ತೀಯಾ?” ಎಂದಳು ಉಬಾಲ್ದಿನ.

“ಮುಂದಿನ ಗುಪ್ಪೆ ಇಲ್ಲ. ಕಿತ್ತಿದ್ದೀನಿ. ಮೇಲೆ ಪಾಚಿ ಕೂಡಿಕೊಂಡಿದೆ, ನೆಲ ಅಂದ್ಕೋಬೇಡ. ಹಿಂದಕ್ಕೆ ಹೋಗು.”

ಅವಳು ಹಿಂದಕ್ಕೆ ಕಾಲು ಚಾಚಿ ನೀರು ತಡವುವುದು ಕೇಳಿಸಿತು.

“ಹಿಂದಿನದು ಕಾಣ್ತಿಲ್ಲ. ನಿಂತಿರೋದು ಇಳೀತಾ ಇದೆ, ಸಿಪ್ರಿಯಾನೊ. ನೀರು ಪಾದದ ಮೇಲೆ ಬಂತು.” ಗುಪ್ಪೆಯ ಮೇಲೆ ನಡೆಯಬಹುದು, ನಿಲ್ಲಲಾಗದು. ಅಲ್ಲಿ ಹುಟ್ಟಿದವರಿಗೆಲ್ಲ ಅದು ಗೊತ್ತು.

ಆ ಎತ್ತರದಲ್ಲಿ ಮರವೆಂಬುದಿಲ್ಲ, ಹಾಸಲು ಒಂದು ಹಲಗೆಯಿಲ್ಲ. ಸಿಪ್ರಿಯಾನೊ ಹಗ್ಗದ ಒಂದು ತುದಿಯನ್ನು ದಂಡೆಯ ಬಂಡೆಗೆ ಸುತ್ತಿ ಅವ್ವನ ಕೈಗೆ ಕೊಟ್ಟ. ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ಬೆಳಿಗ್ಗೆ ತಾನೇ ತೋಡಿದ ಗುಂಡಿಗೆ ಇಳಿದ. ಮಂಜುಗಡ್ಡೆಯಂಥ ಕೆಸರು ಸೊಂಟಕ್ಕೆ ಬಂತು, ಎದೆಗೆ ಬಂತು. ಕಾಲಿಗೆ ಏನೂ ಸಿಗಲಿಲ್ಲ. ಕಂಕುಳ ಮಟ್ಟಕ್ಕೆ ಮುಳುಗಿದಾಗ ಕತ್ತರಿಸದೆ ಉಳಿದಿದ್ದ ಹಳೆಯ ಬೇರಿನ ಹೆಣಿಗೆ ಹಿಮ್ಮಡಿಗೆ ತಾಗಿ ತಡೆಯಿತು.

“ನನ್ನ ಭುಜದ ಮೇಲೆ ಕಾಲಿಡು. ನಿಲ್ಲಬೇಡ. ಒಂದೇ ಹೆಜ್ಜೆ, ಆಮೇಲೆ ದಂಡೆ.”

“ನೀನು?”

“ಇಡು ಅಂದ್ನಲ್ಲ!”

ಅವಳ ಒದ್ದೆ ಪಾದ ಭುಜಕ್ಕೆ ಬಿತ್ತು. ಹೆಂಡತಿಯ ಭಾರ, ಕೂಸಿನ ಭಾರ ಎರಡೂ ಸೇರಿ ಅವನನ್ನು ಗದ್ದದವರೆಗೆ ಒತ್ತಿದವು. ಬಾಯಿಗೆ ಕೆಸರು ನುಗ್ಗಿತು. ಮರುಕ್ಷಣ ಅವಳು ದಂಡೆಯಲ್ಲಿದ್ದಳು. ಅತ್ತೆ ಸೊಸೆ ಇಬ್ಬರೂ ಹಗ್ಗ ಜಗ್ಗಿದರು. ಕೆಸರು ಬಿಡಲೊಲ್ಲದು. ಬಹಳ ಹೊತ್ತಾದ ಮೇಲೆ ಒಂದು ಬೂಟನ್ನು ಇಟ್ಟುಕೊಂಡು ಅವನನ್ನು ಬಿಟ್ಟಿತು.

ಅವನು ಬೋರಲು ಬಿದ್ದುಕೊಂಡು ಕೆಮ್ಮುತ್ತಿದ್ದ. ಉಬಾಲ್ದಿನ, ಬೆನ್ನಿಂದ ಬಿಚ್ಚಿದ ಕೂಸನ್ನು ಎದೆಗವಚಿಕೊಂಡಿದ್ದಳು.

“ಹುಲ್ಲು ಮಾಡೋ ಕೆಲಸ ಮನುಷ್ಯನ ಕೈಲಾಗಲ್ಲ ಕಣೋ,” ಮುದುಕಿ ಅವನ ಮುಖದ ಕೆಸರು ಒರೆಸುತ್ತಾ ಅಂದಳು. “ನಡೀರಿ, ಒಲೆ ಮುಂದೆ ಕೂತ್ಕೊಳ್ಳಿ.”

ಉಬಾಲ್ದಿನ ಮಾತ್ರ ಕದಲಲಿಲ್ಲ. ಕಿವಿಗೊಟ್ಟು ನಿಂತಿದ್ದಳು. ಆಗ ಉಳಿದಿಬ್ಬರಿಗೂ ಕೇಳಿಸಿತು. ಕೆಸರಿನ ನಡುವಿನಿಂದ, ಗಾಳಿಯ ಜೊತೆ, ನೆರೆಮನೆಯ ಎವಾರಿಸ್ತಳ ದನಿ:

“ಉಬಾಲ್ದಿನಾ, ದಾಟಿದ್ಯೇನೇ? ನಾವೆಲ್ಲ ನಿನ್ನ ಹಿಂದೇನೇ ಬಂದ್ವಿ. ಮಕ್ಕಳು ಮುಂದೆ ಓಡಿಬಿಟ್ವು, ಸ್ವಲ್ಪ ನೋಡ್ಕೊಳೇ.”

ಮೂವರೂ ಒಟ್ಟಿಗೆ ಕೂಗಿದರು. ಗಾಳಿ ಆ ಕೂಗನ್ನು ಅವರ ಮುಖಕ್ಕೇ ತಿರುಗಿಸಿ ಬಡಿಯಿತು. ಮಂಜಿನೊಳಗೆ ಮಕ್ಕಳ ನಗು ಹತ್ತಿರವಾಗುತ್ತಿತ್ತು.

ಸಿಪ್ರಿಯಾನೊ ಎದ್ದು ಹಗ್ಗವನ್ನು ಮತ್ತೆ ಸೊಂಟಕ್ಕೆ ಬಿಗಿದುಕೊಂಡ.