ಹಿಮದಡಿ ಮಲಗುವ ಸಾಸಿವೆ

ನನ್ನ ಬಾಯಲ್ಲಿ ಉಳಿದಿರುವ ಮೂರು ಹಲ್ಲಿನಾಣೆ, ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ಮೂರೂ ಇವತ್ತೇ ಉದುರಲಿ.

ಹೋದ ವರ್ಷ ಮೇ ತಿಂಗಳು. ನಮ್ಮೂರು ತಾಕಿಕಾವಾದ ಹೊಲಗಳಲ್ಲಿ ಹಿಮ ಕರಗಿ ಮಣ್ಣು ಕಂಡಿತ್ತು. ಪಕ್ಕದ ಹೊಲದ ಹಿಸಾಯೆ ಎಣ್ಣೆಸಾಸಿವೆಯ ಬೀಜ ಕೇಳಿಕೊಂಡು ಬಂದಳು. ಗಂಡ ಸತ್ತ ಮೇಲೆ ಅವನ ಗಾಣ ನಿಂತುಹೋಗಿತ್ತು. ಈ ವರ್ಷ ಅದು ತಿರುಗಬೇಕು, ಇಲ್ಲದಿದ್ದರೆ ಎಲ್ಲ ಬಿಟ್ಟು ಸಪ್ಪೊರೊದ ತಂಗಿಯ ಮನೆ ಸೇರುವುದು ಎಂದು ಅವಳು ತೀರ್ಮಾನಿಸಿದ್ದಳು.

ನನ್ನಲ್ಲಿದ್ದದ್ದು ಚಳಿಗಾಲದ ತಳಿ.

"ಈಗ ಬಿತ್ಬೇಡ ಕಣಮ್ಮ," ಅಂದೆ. "ಆಗಸ್ಟ್ ಕೊನೇಲಿ ಬಿತ್ತು. ಇದು ಒಂದು ಚಳಿಗಾಲ ಹಿಮದ ಕೆಳಗೆ ಮಲಗಿ ಎದ್ದ ಮೇಲೇ ಹೂ ಬಿಡೋದು. ಈಗ್ಲೇ ಬಿತ್ತೋದಾದ್ರೆ ವಸಂತದ ತಳಿ ಬೇರೆ ಇದೆ, ಪೇಟೆಯಿಂದ ತರಿಸ್ಕೋ."

ಹಿಸಾಯೆ ಸೊಂಟ ಹಿಡಿದುಕೊಂಡು ನಕ್ಕಳು. "ಮೊಸುಕೆ ಅಣ್ಣಾ, ಹೋದ್ಸಲ ನಿಮ್ಮ ಕಥೇಲಿ ಕುಂಬಳಕಾಯಿ ಒಳಗೆ ಕರಡಿ ಮರಿ ಹಾಕಿತ್ತು. ಈ ಸಲ ಸಾಸಿವೆ ನಿದ್ದೆ ಮಾಡುತ್ತಾ?"

ಆಗ ನಾನು ಮುಖ ಬಿಗಿಮಾಡಿಕೊಂಡು "ಇಲ್ಲಮ್ಮ, ಇದು ನಿಜ" ಅನ್ನಬೇಕಿತ್ತು. ಆದರೆ ಗಂಡ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಬರೀ ನಿದ್ದೇನಾ? ಗೊರಕೆ ಹೊಡಿಯುತ್ತೆ! ಜನವರೀಲಿ ಹಿಮಕ್ಕೆ ಕಿವಿ ಇಟ್ಟು ಕೇಳು!" ಅಂದುಬಿಟ್ಟೆ.

ಅವಳು ಕಣ್ಣೊರೆಸಿಕೊಳ್ಳುತ್ತ ಬೀಜದ ಚೀಲ ಹೊತ್ತು ಹೋದಳು. ಮರುದಿನವೇ ಬಿತ್ತತೊಡಗಿದಳು. ಬದುವಿನ ಮೇಲೆ ನಿಂತು "ಬೇಡ, ಬೇಡ" ಎಂದು ಕೂಗಿದೆ. ಕೆನ್ನೆಗೆ ಕೈ ಕೊಟ್ಟು ಗೊರಕೆ ಹೊಡೆದು ತೋರಿಸಿದಳು.

ಎಲೆ ಬಂತು ನೋಡಿ, ಎಂಥ ಎಲೆ! ಒಂದೊಂದರ ಕೆಳಗೆ ಒಂದೊಂದು ಜಿಂಕೆ ಮಳೆಗೆ ನಿಲ್ಲಬಹುದಿತ್ತು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಒಂದು ಮೊಗ್ಗಿಲ್ಲ. ಅಕ್ಟೋಬರ್‌ನಲ್ಲಿ ಹಿಸಾಯೆ ಗಂಟುಮೂಟೆ ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದಳು.

"ನಿಜ ಹೇಳೋವಾಗಾದ್ರೂ ಬೇರೆ ಮುಖ ಇಟ್ಕೋಬಾರದಿತ್ತಾ ಅಣ್ಣಾ?"

"ಮೇ ತನಕ ತಡಿಯಮ್ಮ. ಹಿಮದಿಂದ ಎದ್ದು ಹೂ ಬಿಡುತ್ತೆ."

"ಸಾಕು ಅಣ್ಣಾ," ಅಂದಳು. ಈ ಸಲ ನಗಲಿಲ್ಲ. ಬಸ್ಸು ಹತ್ತಿದಳು.

ಈಗ ಮತ್ತೆ ಮೇ. ಅವಳ ಹೊಲ ಈ ಬದುವಿನಿಂದ ಆ ಬದುವಿನವರೆಗೆ ಹಳದಿ. ಜೇನುಹುಳಗಳ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ.

ನಿಮ್ಮದು ನಂಬುವಂಥ ಮುಖ. ತಗೊಳ್ಳಿ ಕಾಗದ, ಪೆನ್ನು. ಹೊಲ ಹೂ ಬಿಟ್ಟಿದೆ ಅಂತ ಹಿಸಾಯೆಗೆ ಎರಡು ಸಾಲು ನೀವೇ ಬರೆಯಿರಿ. ಹೇಳಿದ್ದು ನಾನು ಅಂತ ಮಾತ್ರ ಬರೆಯಬೇಡಿ.